ಜರ್ಮನ್ ದೋಣಿಯ ತಳ

...ಆದರೆ ದೋಣಿಯ ತಳಕ್ಕೆ ಸುಣ್ಣ ಹಾಕೋಣ ಎಂದು ಮೊದಲು ಹೇಳಿದ್ದು ಯಾರು ಎಂಬಲ್ಲಿಗೆ ಬಂದಾಗಲೆಲ್ಲ ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಹೋಗುತ್ತದೆ. ಒಂದು ಸಲ ದೋಣಿ ತಂದವನ ಬಾಯಿ ಕಾಣುತ್ತದೆ. ಎಲೆ ಅಡಿಕೆಯಿಂದ ಕೆಂಪಾದ ಬಾಯಿ. ಅದು ಸುಣ್ಣ ಅನ್ನುತ್ತದೆ. ಇನ್ನೊಂದು ಸಲ ಅದೇ ಅಂಗಳ, ಅದೇ ಬಿಸಿಲು, ಮಾತು ಮಾತ್ರ ನನ್ನ ಗಂಟಲಿನಿಂದ ಬರುತ್ತದೆ. ಎರಡೂ ಅಷ್ಟೇ ಸ್ಪಷ್ಟ. ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ ಎಂದು ಯಾರಾದರೂ ಹೇಳಿದರೆ ನಾನು ಈಗ ಸುಮ್ಮನಾಗಿಬಿಡುತ್ತೇನೆ. ನನ್ನ ಕಣ್ಣಿಗೆ ಎರಡು ಕಟ್ಟಿವೆ.

ಅನುಮಾನವಿಲ್ಲದ್ದನ್ನು ಮೊದಲು ಬರೆಯುತ್ತೇನೆ.

ದೋಣಿ ಹಾನಗಲ್ಲಿಗೆ ಬಂದದ್ದು ಚಕ್ಕಡಿಯ ಮೇಲೆ. ಅರವತ್ತೆರಡೋ ಅರವತ್ಮೂರೋ ಇರಬೇಕು, ಸಂಕ್ರಾಂತಿ ಮುಗಿದಿತ್ತು. ಹುಬ್ಬಳ್ಳಿಯ ಕಡೆ ಎಲ್ಲೋ ಹಳೆ ಸಾಮಾನಿನ ಹರಾಜಿನಲ್ಲಿ ಯಾರೂ ಕೂಗದೆ ಉಳಿದಿದ್ದ ಸಣ್ಣ ಅಲ್ಯೂಮಿನಿಯಮ್ ದೋಣಿ. ಉದ್ದ ಹತ್ತಡಿ, ಮೂತಿ ಚೂಪು, ನೀರಿನ ಆಳ ಅಳೆಯಲು ಯಾವ ಕಾಲದಲ್ಲೋ ಬಳಸಿದ್ದಂತೆ. ಚಕ್ಕಡಿ ತಡಸದಲ್ಲಿ ಒಂದು ರಾತ್ರಿ ತಂಗಿ ಮರುದಿನ ಸಂಜೆ ನಮ್ಮ ಅಂಗಳಕ್ಕೆ ಬಂತು. ಅಲ್ಯೂಮಿನಿಯಮ್‌ಗೆ ನಮ್ಮ ಕಡೆ ಜರ್ಮನ್ ಎಂದೇ ಹೆಸರು. ಜರ್ಮನ್ ಬೋಗುಣಿ, ಜರ್ಮನ್ ತಾಟು. ಹಾಗೆಯೇ ಇದು ಬಂದ ದಿನದಿಂದ ಜರ್ಮನ್ ದೋಣಿ ಆಯಿತು.

ತಂದವನು ಆನೆಕೆರೆಯ ದಂಡೆಯ ಅಂಬಿಗರ ಓಣಿಯವನು. ನಲವತ್ತು ದಾಟಿದ ಗಟ್ಟಿ ಮನುಷ್ಯ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ.

"ಏನ್ರಿ ಕಾಕಾ, ಮದವಿ ಅಡಗಿಗೆ ಪಾತೇಲಿ ತಂದ್ರೇನು?" ಅಂದೆ.

"ನಗು ತಮ್ಮಾ, ನಗು. ಇದರಾಗ ನಾನ ಕುಂದ್ರಾಂವ. ಹೋಳಿ ಒಳಗ ಇದರ ತಳಾ ಮುಚ್ಚಿ ಕೊಟ್ಟ್ಯಂದ್ರ ಆಮ್ಯಾಲ ಇಬ್ರೂ ಕೂಡೇ ನಗೂನು."

ಹಾಗಂದು ಬಲಗೈಯನ್ನು ದೋಣಿಯ ಅಂಚಿನ ಮೇಲಿಟ್ಟ. ಆ ಕೈಯಲ್ಲಿ ಹೆಬ್ಬೆರಳು ಮಾತ್ರ ಇತ್ತು. ಹಿಂದಿನ ವರ್ಷ ಕಬ್ಬಿನ ಗಾಣದಲ್ಲಿ ಉಳಿದ ನಾಲ್ಕೂ ಹೋಗಿದ್ದವು.

ಅವನ ಅವಸರ ಅರ್ಥವಾಗಬೇಕಾದರೆ ಓಣಿಯ ಕಟ್ಟಳೆ ಗೊತ್ತಿರಬೇಕು. ಹೋಳಿ ಹುಣ್ಣಿಮೆ ಕಳೆದ ಮೂರನೆಯ ದಿನ, ಹೊತ್ತು ಹುಟ್ಟುವಾಗ, ಮೀನು ಹಿಡಿಯುವ ಪ್ರತಿ ಮನೆಯ ಗಂಡಸು ತನ್ನ ಹರಿಗೋಲನ್ನು ತಾನೇ ನಡೆಸಿಕೊಂಡು ಕೆರೆಯ ನಡುವಿನ ಕಲ್ಲುಕಂಬಕ್ಕೆ ಹೋಗಬೇಕು. ಕಂಬವನ್ನು ಒಂದು ಸುತ್ತು ಹಾಕಿ, ಬಲೆ ಬಿಟ್ಟು, ಅದನ್ನು ತಾನೇ ಎಳೆದು ಒಳಗೆ ಹಾಕಿಕೊಂಡು ದಂಡೆಗೆ ಬರಬೇಕು. ತೂಕಕ್ಕೆಂದು ಇನ್ನೊಬ್ಬ ಕೂತರೆ ಅಡ್ಡಿಯಿಲ್ಲ, ಆದರೆ ಅವನು ಕೋಲು ಹಿಡಿಯಕೂಡದು, ಬಲೆ ಮುಟ್ಟಕೂಡದು. ಹೀಗೆ ಮಾಡಿದ ಮನೆಗೆ ಆ ವರ್ಷ ಕೆರೆಯಲ್ಲಿ ಬಲೆ ಕಟ್ಟುವ ಜಾಗ. ಒಂದು ವರ್ಷ ತಪ್ಪಿದರೆ ಜಾಗ ಖಾಲಿ ಕಾಯುತ್ತದೆ. ಎರಡನೆಯ ವರ್ಷವೂ ತಪ್ಪಿದರೆ ಬೇರೆ ಮನೆಗೆ ಹೋಗುತ್ತದೆ, ಮತ್ತೆ ತಿರುಗಿ ಬರುವುದಿಲ್ಲ. ಹಿಂದಿನ ಹೋಳಿಗೆ ಅವನ ಕೈ ಕಟ್ಟಿನಲ್ಲಿತ್ತು. ಇದು ಎರಡನೆಯದು.

ಹರಿಗೋಲು ದುಂಡಗಿನದು. ಎರಡು ಕೈಯಿಂದ ಹುಟ್ಟು ಹಾಕದಿದ್ದರೆ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಒಂದು ಕೈಯವನಿಗೆ ಅದು ಸಾಧ್ಯವಿಲ್ಲ. ಮೂತಿಯಿರುವ ಉದ್ದ ದೋಣಿಯಾದರೆ ಎಡಗೈ ಮತ್ತು ಬಗಲಿನ ನಡುವೆ ಕೋಲು ಇಟ್ಟು ತಳ್ಳಬಹುದು ಎಂದು ಅವನು ತಾನೇ ಯೋಚಿಸಿದ್ದ. ಬಲೆ ಎಳೆಯುವುದು ಹೇಗೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಅದನ್ನು ನನಗೆ ಬಿಟ್ಟಿದ್ದ.

ದೋಣಿಯನ್ನು ಎರಡು ಕಲ್ಲಿನ ಮೇಲೆ ಬೋರಲು ಹಾಕಿ ನೋಡಿದೆವು. ತಳದಲ್ಲಿ ನಡುಗೆರೆಯ ಪಕ್ಕ ಒಂದು ಮೊಳ ಉದ್ದದ ಸೀಳು. ಅಂಚುಗಳು ಒಳಕ್ಕೆ ಮಡಚಿದ್ದವು. ಅದರ ಸುತ್ತ ಏಳೆಂಟು ರಿವೆಟ್ಟು ಕಿತ್ತು ಹೋಗಿದ್ದವು.

ನಮ್ಮದು ತಾಮ್ರ ಬಡಿಯುವ ಮನೆ. ಹಂಡೆ, ಕೊಡ, ಬಾಯ್ಲರು. ಸೀಳನ್ನು ಬೆಸೆದುಬಿಟ್ಟರೆ ಸಾಕು ಅನ್ನಿಸಿತು. ಸವಣೂರಿನಿಂದ ವಾರಕ್ಕೊಮ್ಮೆ ತಿದಿ ಹೊತ್ತುಕೊಂಡು ಬರುತ್ತಿದ್ದ ಕಲಾಯಿ ಚಾಚಾನನ್ನು ಕೇಳಿದೆ. ಅವನು ಬೇವಿನ ಕೆಳಗೆ ಇದ್ದಲಿ ಹೊತ್ತಿಸಿದ, ನವಸಾಗರ ಉಜ್ಜಿದ, ತವರದ ಕಡ್ಡಿ ಒತ್ತಿದ. ತವರ ಮುತ್ತಿನಂತೆ ಉರುಳಿ ಕೆಳಗೆ ಬಿತ್ತು. ಮೂರು ಸಲ ಹಾಗೇ ಆಯಿತು.

"ಬೇಟಾ, ಇದು ಸಿಟ್ಟಿಗೆದ್ದ ಸೊಸಿ ಇದ್ದಂಗ ಐತಿ. ಏನ ಬಡಿಸಿದ್ರೂ ತಾಟ ಹೊಳ್ಳಿ ದಬ್ಬತೈತಿ" ಅಂದ ಚಾಚಾ.

"ಕಾವು ಸಾಲದೇನೋ ಚಾಚಾ. ಇನ್ನೂ ಸ್ವಲ್ಪ ಕೆಂಪಾಗ್ಲಿ."

ಈ ಮಾತು ನನ್ನದೇ. ಇದರಲ್ಲಿ ಅನುಮಾನವಿಲ್ಲ, ಅನುಮಾನ ಇದ್ದರೆ ಚೆನ್ನಾಗಿತ್ತು. ತಾಮ್ರ ಕಾಯುತ್ತ ಕಾಯುತ್ತ ಬಣ್ಣ ತಿರುಗಿ ತನ್ನ ಕಾವು ಎಷ್ಟು ಎಂದು ತಾನೇ ಹೇಳುತ್ತದೆ. ನಾವಿಬ್ಬರೂ ಹುಟ್ಟಿದಾಗಿನಿಂದ ಅದನ್ನೇ ನೋಡಿದವರು. ಜರ್ಮನ್ ಏನೂ ಹೇಳುವುದಿಲ್ಲ. ಚಾಚಾ ತಿದಿ ಒತ್ತಿದ. ಲೋಹ ಬೆಳ್ಳಗೆ ತಣ್ಣಗಿದ್ದಂತೆ ಕಾಣುತ್ತಿತ್ತು. ಕೆಂಪಿಗಾಗಿ ಕಾಯುತ್ತ ಇಬ್ಬರೂ ಬಗ್ಗಿ ನೋಡುತ್ತಿದ್ದಾಗ ಸೀಳಿನ ಅಂಚು ಒದ್ದೆ ಬಟ್ಟೆಯಂತೆ ಜೋತು ಬಿದ್ದು ಇದ್ದಲಿಯೊಳಗೆ ಇಳಿಯಿತು. ಸೀಳು ಇದ್ದಲ್ಲಿ ಈಗ ಅಂಗೈ ತೂರುವ ತೂತು.

ಚಾಚಾ ಎರಡೂ ಕಿವಿ ಮುಟ್ಟಿಕೊಂಡ. ಕಾಕಾ ಅಲ್ಲೇ ಇದ್ದ. ಉಳಿದ ಹೆಬ್ಬೆರಳಿನಿಂದ ತೂತಿನ ಅಂಚನ್ನು ಒಂದು ಸುತ್ತು ಸವರಿದ.

"ಮೊದ್ಲ ಸಣ್ಣದಿತ್ತು" ಅಂದ.

ಅಷ್ಟಾದ ಮೇಲೆ ಬೆಂಕಿಯ ಮಾತು ಬಿಟ್ಟೆವು. ಚಿಕ್ಕೇರೂರಿನ ನಮ್ಮಕ್ಕನ ಮನೆಯ ಅಟ್ಟದಲ್ಲಿ ಮದುವೆ ಕಾಲದ ಹಳೆಯ ಜರ್ಮನ್ ಪರಾತ, ಹಿಟ್ಟು ನಾದುವ ಅಗಲ ತಟ್ಟೆ, ಇತ್ತು. ಅದನ್ನು ತಂದು, ತಳದಿಂದ ಒಂದು ತುಂಡು ಕತ್ತರಿಸಿ, ಮರದ ಸುತ್ತಿಗೆಯಿಂದ ತಟ್ಟಿ ದೋಣಿಯ ಬಾಗಿಗೆ ಕೂರಿಸಿದೆ. ಎರಡು ತಗಡಿನ ನಡುವೆ ಹತ್ತಿಯನ್ನು ಸುಣ್ಣ ಮತ್ತು ಹರಳೆಣ್ಣೆಯಲ್ಲಿ ಅರೆದು ಮಾಡಿದ ಮುದ್ದೆ. ಇದೇ ಆ ಸುಣ್ಣ. ಅಂಬಿಗರು ಕಟ್ಟಿಗೆಯ ದೋಣಿಯ ಸಂದಿಗೆ ಅದನ್ನೇ ತುಂಬುತ್ತಾರೆ. ನಾವೂ ದೊಡ್ಡ ಹಂಡೆಯ ಬಾಯಿಪಟ್ಟಿಗೆ ಕೆಲವೊಮ್ಮೆ ಅದನ್ನೇ ತುಂಬುತ್ತೇವೆ. ಇಬ್ಬರಲ್ಲಿ ಯಾರು ಬೇಕಾದರೂ ಹೇಳಿರಬಹುದು.

ರಿವೆಟ್ಟು ಮಾತ್ರ ನನ್ನದು. ನಮ್ಮ ಮನೆಯ ತಾಮ್ರದ ರಿವೆಟ್ಟು, ಅಪ್ಪನ ಅಚ್ಚಿನಲ್ಲಿ ಕಡಿದದ್ದು. ಹಂಡೆಯ ತಳ ಸೋರಿತು ಎಂದು ಯಾರೂ ನಮ್ಮ ಬಾಗಿಲಿಗೆ ಬಂದದ್ದಿಲ್ಲ. ಕಬ್ಬಿಣವಾದರೆ ತುಕ್ಕು, ತಾಮ್ರವಾದರೆ ಮೊಮ್ಮಕ್ಕಳ ಕಾಲದವರೆಗೂ ಚಿಂತೆಯಿಲ್ಲ ಎಂದು ಅವನಿಗೆ ಹೇಳಿದೆ. ಹೆಮ್ಮೆಯಿಂದ ಹೇಳಿದೆ. ಬೈರಿಗೆಯಿಂದ ನಲವತ್ತಾರು ತೂತು ಕೊರೆದೆ.

ರಿವೆಟ್ಟು ಹೊಡೆಯುವಾಗ ಒಳಗಿನಿಂದ ಒಬ್ಬರು ಅದರ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು. ಕಾಕಾನ ಕೈಗೆ ಅದು ಆಗದು. ಅವನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೋರಲು ದೋಣಿಯ ಕೆಳಗೆ ತೂರಿ ಕೂತಳು. ಎರಡು ದಿನ ಅವಳ ದನಿ ಮಾತ್ರ ಹೊರಗೆ ಬರುತ್ತಿತ್ತು.

"ಹೊಡಿ ತಮ್ಮಾ!"

ನಾಲ್ಕು ಪೆಟ್ಟು.

"ಆತೇನ್ರಿ ಕಾಕು?"

"ಆತು. ಗುಡಿ ಗಂಟಿಯೊಳಗ ಕುಂತಂಗ ಆಗೇತಿ ನೋಡು. ದೇವ್ರಿಗೆ ಕಿವಿ ಹೆಂಗ ಉಳದಾವೋ ಏನೋ."

"ದೇವ್ರು ಕೇಳಿದ್ರ ನಮ್ಮ ಬಾಳೇವು ಯಾಕ ಹಿಂಗ ಇರ್ತಿತ್ತು" ಎಂದು ಕಾಕಾ ಕಟ್ಟೆಯಿಂದ ಕೂಗಿದ.

"ನೀವು ಸುಮ್ನ ಕುಂದರ್ರಿ, ಅವನೂ ಕಿವಿ ಮುಚ್ಚಿಕೊಂಡಾನು!"

ಬಲೆ ಎಳೆಯುವ ಸಾಧನ ಚಾಚಾನಿಂದ ಬಂತು. ಕರಗಿದ ತಳಕ್ಕೆ ಅವನ ಪ್ರಾಯಶ್ಚಿತ್ತ ಅದು. ಸವಣೂರಿನಲ್ಲಿ ಅವನ ನೆಂಟರ ಮನೆಯಲ್ಲಿ ನಿಂತುಹೋದ ಮಗ್ಗವಿತ್ತು. ನೆಯ್ದ ಬಟ್ಟೆ ಸುತ್ತುವ ಮರದ ದಿಂಡನ್ನು ಅದರ ಹಲ್ಲಿನ ಚಕ್ರದ ಸಮೇತ ಹೊತ್ತು ತಂದ. ಚಕ್ರಕ್ಕೆ ಒಂದು ಕಬ್ಬಿಣದ ನಾಲಿಗೆ ತಾಗಿಕೊಂಡಿರುತ್ತದೆ. ದಿಂಡು ಮುಂದಕ್ಕೆ ತಿರುಗಬಹುದು, ಹಿಂದಕ್ಕೆ ಜಾರದು. ಒಂದು ಕೈಯವನಿಗೆ ಇನ್ನೇನು ಬೇಕು? ಎಳೆ, ಬಿಡು, ಉಸಿರು ತಗೋ, ಮತ್ತೆ ಎಳೆ. ಬಲೆ ತನ್ನ ಜಾಗದಲ್ಲೇ ನಿಂತಿರುತ್ತದೆ. ದಿಂಡಿಗೆ ಜಾಲಿ ಕಟ್ಟಿಗೆಯ ಎರಡು ಕಾಲು ಮಾಡಿ ದೋಣಿಯ ಬಲ ಅಂಚಿಗೆ ತಾಮ್ರದ ರಿವೆಟ್ಟಿನಿಂದಲೇ ಬಿಗಿದೆ. ಎಂಟು ರಿವೆಟ್ಟು.

ಆನೆಕೆರೆಯ ದಂಡೆಯಲ್ಲಿ ಮೊದಲ ಸಲ ನೀರಿಗಿಳಿಸಿದಾಗ ಹನಿ ನೀರು ಒಳಗೆ ಬರಲಿಲ್ಲ. ಕಾಕಾ ಮೊಣಕಾಲುದ್ದ ನೀರಿನಲ್ಲಿ ಬಲೆ ಬಿಟ್ಟು, ದಿಂಡಿನ ಹಿಡಿಕೆ ತಿರುಗಿಸಿದ. ಕಟಕ್. ಕಟಕ್. ಕಟಕ್. ಬಲೆ ಮೇಲೆ ಬಂತು. ಅದರಲ್ಲಿ ಕಳೆ ಬಿಟ್ಟು ಏನೂ ಇರಲಿಲ್ಲ. ಅವನು ಆ ಕಳೆಯನ್ನು ಬಹಳ ಹೊತ್ತು ಬಿಡಿಸುತ್ತ ಕೂತ.

ಅಲ್ಲಿಂದ ಮೂರು ವಾರ ದೋಣಿ ನೀರಿನಲ್ಲೇ ಇತ್ತು. ಅವನು ಪ್ರತಿದಿನ ಕೋಲು ಹಾಕುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದ. ನಾನು ಬಾಯ್ಲರಿನ ಕೆಲಸಕ್ಕೆ ಹಿರೇಕೆರೂರಿಗೆ ಹೋಗಿಬಂದೆ. ಬಂದ ಮರುದಿನ, ಕಂಬ ಸುತ್ತುವ ದಿನಕ್ಕೆ ಇನ್ನು ಆರು ದಿನ ಇದ್ದಾಗ, ಅವನು ಅಂಗಳಕ್ಕೆ ಬಂದು ನಿಂತ.

"ತಮ್ಮಾ, ತಳಾ ಬೆವರಾಕತ್ತೈತಿ."

ದೋಣಿ ತಂದು ಬೋರಲು ಹಾಕಿದೆವು. ಪ್ರತಿ ರಿವೆಟ್ಟಿನ ತಲೆಯ ಸುತ್ತ ಬೆಳ್ಳಗೆ ಉಬ್ಬಿತ್ತು, ಅರಳೆ ಅಂಟಿಸಿದ ಹಾಗೆ. ಬೆರಳಿನಿಂದ ಒರೆಸಿದರೆ ಪುಡಿ. ಪುಡಿಯ ಕೆಳಗೆ ಲೋಹ ಹುಳ ತಿಂದ ಎಲೆಯಂತೆ ಕುಳಿ ಬಿದ್ದಿತ್ತು. ಗೋಣಿ ಹೊಲಿಯುವ ದಬ್ಬಣ ತಂದು ಒಂದು ಕುಳಿಗೆ ಒತ್ತಿದೆ. ಒತ್ತಲೂ ಬೇಕಾಗಲಿಲ್ಲ. ದಬ್ಬಣ ಆ ಕಡೆ ಹೋಯಿತು.

ಕಾಕು ಮತ್ತೆ ದೋಣಿಯ ಕೆಳಗೆ ತೂರಿದ್ದಳು. ಒಳಗಿನಿಂದ ಹೇಳಿದಳು: "ಬೆಳಕ ಕಾಣ್ತೈತಿ. ಒಂದು... ಎರಡು... ನಾಕು..." ಎಣಿಸುವುದನ್ನು ನಡುವೆ ಬಿಟ್ಟಳು. ಹೊರಗೆ ಬಂದವಳು ರಿವೆಟ್ಟುಗಳನ್ನು ನೋಡಿದಳು, ಆಮೇಲೆ ನನ್ನನ್ನು. ಅಥವಾ ನನ್ನನ್ನು ನೋಡಲಿಲ್ಲ. ಅವಳು ನೋಡಿದಳು ಎಂಬುದು ನಾನು ಆಮೇಲೆ ಸೇರಿಸಿದ್ದೂ ಇರಬಹುದು.

ಹೈಸ್ಕೂಲಿನ ವಿಜ್ಞಾನ ಮಾಸ್ತರರ ಮನೆಗೆ ಹೋದೆ. ತೆಗೆದ ಒಂದು ರಿವೆಟ್ಟು, ಅದರೊಡನೆ ಕಿತ್ತು ಬಂದ ತಗಡಿನ ಚೂರು, ಎರಡನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದೆ. ಅವರು ಕಿಟಕಿಗೆ ಹಿಡಿದು ನೋಡಿದರು.

"ತಾಮ್ರ ಯಾರು ಹಾಕಿದ್ರು?"

"ನಾನರಿ."

"ತಾಮ್ರ, ಅಲ್ಯೂಮಿನಿಯಮ್, ನಡುವ ನೀರು. ನೀ ದೋಣಿ ಮಾಡಿಲ್ಲಪಾ, ಬ್ಯಾಟರಿ ಮಾಡೀದಿ. ತಾಮ್ರಕ್ಕ ಏನೂ ಆಗಂಗಿಲ್ಲ. ಅದು ಕುಂತಲ್ಲೇ ಕುಂತು ಇದನ್ನ ತಿನ್ನಸ್ತೈತಿ."

ಸುಣ್ಣದ ಮಾತನ್ನೂ ಹೇಳಿದೆ. ಅವರು ಒಳಗಿನಿಂದ ಹೊಸ ಸುಣ್ಣ ತರಿಸಿ, ನೀರು ಹಾಕಿ, ತಗಡಿನ ಚೂರನ್ನು ಅದರಲ್ಲಿ ಇಳಿಸಿದರು. ಸಣ್ಣ ಗುಳ್ಳೆ ಏಳತೊಡಗಿದವು.

"ಇದೂ ತಿಂತೈತಿ" ಅಂದರು. ಸ್ವಲ್ಪ ಹೊತ್ತು ನೋಡಿ, "ಯಾವುದು ಎಷ್ಟು ತಿಂತು ಅಂತ ನನ್ನ ಕೇಳಬ್ಯಾಡ. ಆದ್ರ ಕುಳಿ ರಿವೆಟ್ಟಿನ ಸುತ್ತ ಬಿದ್ದಾವು ಅಂತೀ" ಅಂದರು. ವಾಕ್ಯ ಮುಗಿಸಲಿಲ್ಲ.

ದಾರಿಯುದ್ದಕ್ಕೂ ಅದನ್ನೇ ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ತಪ್ಪು ನನ್ನದರಿ ಕಾಕಾ, ತಾಮ್ರ ಹಾಕಬಾರದಿತ್ತು. ಅಂಗಳಕ್ಕೆ ಕಾಲಿಡುವಾಗಲೇ ಅವನು ಎದ್ದು ನಿಂತ.

"ನನಗ ಗೊತ್ತಾತು. ಸುಣ್ಣ. ಸುಣ್ಣ ತಿಂದೈತಿ. ಕಟ್ಟಿಗಿಗೆ ಹಾಕೂದನ್ನ ನಾ ಇದಕ್ಕ ಹಾಕಸಿದೆ. ನನ್ನ ಕೈ ಹೋತು, ಈಗ ತಲಿನೂ ಹೋತು."

ನಾನು ಬಾಯಿ ತೆರೆದೆ. ತೆರೆದದ್ದು ನೆನಪಿದೆ. "ರಿಬಿಟ್ಟು ಎಲ್ಲಾ ತಗದು ಬ್ಯಾರೆ ಹಾಕೂನ್ರಿ" ಅಂದೆ.

"ರಿಬಿಟ್ಟು ಯಾಕ? ಅವು ಗಟ್ಟಿ ಅದಾವಲ್ಲ."

"ಸಡ್ಲ ಆಗ್ಯಾವು."

ಆಗಿರಲಿಲ್ಲ. ತಾಮ್ರ ಹೊಡೆದ ದಿನದಷ್ಟೇ ಗಟ್ಟಿಯಾಗಿತ್ತು. ಮರುದಿನ ಮಿಕ್ಕ ಒಂದೊಂದರ ತಲೆಯನ್ನು ಉಳಿಯಿಂದ ಕಡಿಯುವಾಗ ನನ್ನ ತೋಳು ಅದನ್ನು ನಲವತ್ತೈದು ಸಲ ಹೇಳಿತು. ಕಾಕಾ ಪಕ್ಕದಲ್ಲೇ ಕೂತು, ಬಿದ್ದ ತಲೆಗಳನ್ನು ಆರಿಸಿ ಒಂದು ಕರಟಕ್ಕೆ ಹಾಕುತ್ತಿದ್ದ. ಅಷ್ಟು ಗಟ್ಟಿ ಇರುವುದನ್ನು ಅವನು ನೋಡಲಿಲ್ಲವೇ?

ಜರ್ಮನ್‌ಗೆ ಜರ್ಮನ್ ರಿವೆಟ್ಟೇ ಬೇಕು. ಆಗ ಹಳ್ಳಿಗಳಿಗೆ ವಿದ್ಯುತ್ ಕಂಬ ಬರುತ್ತಿದ್ದ ಕಾಲ. ಶಿಗ್ಗಾಂವಿಯ ರಸ್ತೆಯಲ್ಲಿ ತಂತಿ ಎಳೆಯುತ್ತಿದ್ದ ಒಬ್ಬ ಲೈನ್‌ಮನ್‌ನನ್ನು ಹುಡುಕಿಕೊಂಡು ಹೋದೆ. ಕೆಲಸಕ್ಕೆ ಬಾರದೆ ಬಿಸಾಡಿದ್ದ ತಂತಿಯ ತುಂಡುಗಳನ್ನು ತೋರಿಸಿ, ಬೇಕಾದಷ್ಟು ತಗೋ ಅಂದ. ಬೇಕಾದಷ್ಟು ಇರಲಿಲ್ಲ. ನಡುವೆ ಒಂದು ಉಕ್ಕಿನ ಎಳೆ, ಸುತ್ತ ಆರು ಅಲ್ಯೂಮಿನಿಯಮ್ ಎಳೆ. ಉಕ್ಕನ್ನು ಬಿಟ್ಟು ಉಳಿದದ್ದನ್ನು ಕಡಿದರೆ ಐವತ್ತೆಂಟು ರಿವೆಟ್ಟು ಆಗುತ್ತಿದ್ದವು.

ಹಳೆಯ ತೂತುಗಳ ಸುತ್ತ ಲೋಹ ಸತ್ತಿತ್ತು. ಅದನ್ನೆಲ್ಲ ಕತ್ತರಿಸಿ ತೆಗೆದಾಗ ತೆರಪು ಎರಡು ಅಂಗೈ ಅಗಲವಾಯಿತು. ಪರಾತದಲ್ಲಿ ಉಳಿದ ದೊಡ್ಡ ತುಂಡೇ ಅದಕ್ಕೆ ಬೇಕಾಯಿತು. ಅದರ ಸುತ್ತ ಎರಡು ಸಾಲು ರಿವೆಟ್ಟು ಹಾಕಿದರೆ ಐವತ್ತಾರು. ದಿಂಡಿನ ಕಾಲಿಗೆ ಎಂಟು ಬೇಕು. ಉಳಿಯುವುದು ಎರಡು.

ಲೈನ್‌ಮನ್‌ನ ತಂತಿ ಬಿರುಸು. ತಲೆ ಬಡಿದರೆ ಸೀಳುತ್ತಿತ್ತು. ಕಾಸಿ ಮೆದು ಮಾಡಬೇಕು, ಆದರೆ ಬಣ್ಣ ತಿರುಗದ ಲೋಹವನ್ನು ಎಷ್ಟು ಕಾಸುವುದು? ಈ ಸಲ ಚಾಚಾ ಉತ್ತರ ತಂದಿದ್ದ. ಸೊಸೆಯ ಹೋಲಿಕೆ ಕೊಟ್ಟು ಸೋತು ಹೋದವನು ಸುಮ್ಮನೆ ಕೂತಿರಲಿಲ್ಲ, ಹುಬ್ಬಳ್ಳಿಯಲ್ಲಿ ಜರ್ಮನ್ ಪಾತ್ರೆ ಬಡಿಯುವವರನ್ನು ಹೋಗಿ ಕೇಳಿಬಂದಿದ್ದ.

"ಬಟ್ಟಿ ಸಾಬೂನ ಉಜ್ಜು ಬೇಟಾ. ಸಾಬೂನ ಕರ್ರಗಾತಂದ್ರ ಸಾಕು, ಬೆಂಕಿಯಿಂದ ತಗದ ಬಿಡು. ತಾನು ಬಾಯಿ ಬಿಡಂಗಿಲ್ಲ, ಸಾಬೂನ ಬಿಡತೈತಿ."

ಹಾಗೇ ಆಯಿತು. ಸಾಬೂನು ಕಪ್ಪಾದಾಗ ತೆಗೆದು ನೀರಿಗೆ ಹಾಕಿದ ತಂತಿ ಬೆಲ್ಲದ ಪಾಕದ ಎಳೆಯಂತೆ ಬಗ್ಗುತ್ತಿತ್ತು. ಸಂದಿಗೆ ಈ ಸಲ ಸುಣ್ಣವಿಲ್ಲ, ಡಾಂಬರಿನಲ್ಲಿ ಅದ್ದಿದ ಹಳೆ ಧೋತರದ ಪಟ್ಟಿ. ಕಾಕು ಒಳಗೆ ಕೂತು ಆ ಭಾರದ ಕಬ್ಬಿಣ ಹಿಡಿದಳು. ಈ ಸಲ ಗಂಟೆಯ ಮಾತಿಲ್ಲ. "ಹೊಡಿ" ಎನ್ನುವಳು, ಅಷ್ಟೇ.

ದಿಂಡಿನ ಪ್ರಶ್ನೆ ಉಳಿಯಿತು. ತಳಕ್ಕೆ ಒಂದೇ ಸಾಲು ಹಾಕಿ ದಿಂಡಿಗೆ ಎಂಟು ಉಳಿಸುವುದೋ, ತಳಕ್ಕೆ ಎರಡೂ ಸಾಲು ಹಾಕಿ ದಿಂಡನ್ನು ಬಿಡುವುದೋ. ದಿಂಡಿಲ್ಲದೆ ಬಲೆ ಬರದು, ಬಲೆ ಬರದಿದ್ದರೆ ಜಾಗ ಹೋಯಿತು. ಒಂದು ಸಾಲಿನ ತಳ ನಡುನೀರಿನಲ್ಲಿ ಬಿಟ್ಟರೆ ಅವನೇ ಹೋದ. ತಾಮ್ರದ ಎಂಟನ್ನು ದಿಂಡಿನ ಕಾಲಿಗೆ ಹಾಗೇ ಬಿಟ್ಟರೂ ಆ ಒಂದು ದಿನಕ್ಕೆ ಏನೂ ಆಗುತ್ತಿರಲಿಲ್ಲ, ಈಗ ಗೊತ್ತು. ಅಂದು ತಾಮ್ರದ ಮೇಲೆ ನನಗೆ ಎಂಥ ಹೆದರಿಕೆ ಹುಟ್ಟಿತ್ತೆಂದರೆ ಅವನ್ನೇ ಮೊದಲು ಕಿತ್ತು ಎಸೆದಿದ್ದೆ. ಕಿತ್ತ ತೂತುಗಳು ಅಂಚಿನಲ್ಲಿ ಹರಿದಿದ್ದವು.

ನಾನು ಲೆಕ್ಕ ಹಾಕುತ್ತ ಕೂತಿದ್ದೆ. ಅವನೇ ತೀರ್ಮಾನ ಮಾಡಿದ.

"ತಳಾ ಎರಡು ಸಾಲ ಹೊಡಿ. ದಿಂಡು ಹಗ್ಗದ್ಲೆ ಕಟ್ಟೂನು. ಹಗ್ಗ ನನ್ನ ಕೆಲಸ, ಅದರಾಗ ನೀ ಕೈ ಹಾಕಬ್ಯಾಡ."

ಎಡಗೈ, ಹಲ್ಲು ಮತ್ತು ಒಂದು ಹೆಬ್ಬೆರಳಿನಿಂದ ಅವನು ಪುಂಡಿಯ ಹಗ್ಗವನ್ನು ಅಡ್ಡಹಲಗೆಗೆ ಸುತ್ತಿ ಸುತ್ತಿ ಬಿಗಿದ. ನೀರು ತಾಗಿದರೆ ಹಗ್ಗ ಇನ್ನೂ ಬಿಗಿಯುತ್ತದೆ ಎಂದ.

ಹಿಂದಿನ ದಿನ ಮಧ್ಯಾಹ್ನ ಕೆಲಸ ಮುಗಿಯಿತು. ಪರೀಕ್ಷಿಸಲು ಸಮಯವಿರಲಿಲ್ಲ, ಡಾಂಬರು ಒಣಗಬೇಕಿತ್ತು. ತೂಕಕ್ಕೆ ಯಾರನ್ನು ಕೂರಿಸಿಕೊಳ್ಳುವುದು ಎಂಬ ಮಾತು ಬಂತು.

"ನಾ ಬರ್ತೇನ್ರಿ" ಅಂದೆ.

"ನಿನಗ ಈಸಾಕ ಬರತೈತೇನು?"

"ಇಲ್ಲರಿ."

"ಮತ್ತ ಯಾಕ ಬರ್ತಿ? ನಿಮ್ಮವ್ವಗ ನಾ ಉತ್ತರಾ ಕೊಡಲ್ಯಾ?"

"ತಳಾ ನಂದು. ನಾನ ಕುಂದ್ರತೇನಿ."

ನಾನು ಒಪ್ಪಿಕೊಂಡದ್ದು ಎಂದರೆ ಇಷ್ಟೇ. ಅವನಿಗೆ ಅದು ಕೆಲಸಗಾರನ ಜಂಬದಂತೆ ಕೇಳಿಸಿರಬೇಕು. ಬೆನ್ನು ತಟ್ಟಿದ.

ಆ ಬೆಳಿಗ್ಗೆ ದಂಡೆಯ ಮೇಲೆ ಓಣಿಯೆಲ್ಲ ನಿಂತಿತ್ತು. ಹನ್ನೊಂದು ಹರಿಗೋಲು, ಒಂದು ಜರ್ಮನ್ ದೋಣಿ. ಓಣಿಯ ಹಿರಿಯ ಕಂಬಳಿ ಹೊದ್ದು ಕಲ್ಲಿನ ಮೇಲೆ ಕೂತಿದ್ದ. ಯಾರೋ ಕೂಗಿದರು: "ಪಾತೇಲಿ ಬಂತು, ಮೀನ ತಂದು ಇದರಾಗ ಸಾರ ಮಾಡೂದೋ?" ನಗೆ ಎದ್ದಿತು. ಕಾಕಾ ತಿರುಗಿ ನೋಡದೆ, "ಉಪ್ಪು ಹುಳಿ ನೀ ತಗೊಂಬಾ" ಎಂದು ಕೋಲು ತಳ್ಳಿದ.

ಕಂಬದವರೆಗೆ ತಳ ಒಣಗಿತ್ತು. ನಾನು ಅದನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಕೆರೆಯ ನೀರು ಯಾವ ಬಣ್ಣವಿತ್ತು, ಗಾಳಿ ಇತ್ತೇ, ಸೂರ್ಯ ಕಂಡನೇ, ಕೇಳಬೇಡಿ. ಕಂಬ ಸುತ್ತಿದೆವು. ಅವನು ಬಲೆ ಬಿಟ್ಟ. ಸ್ವಲ್ಪ ಹೊತ್ತು ಕಾದು ಹಿಡಿಕೆ ಹಿಡಿದ.

ಕಟಕ್. ಕಟಕ್.

ಅರ್ಧ ಬಲೆ ಬಂದಾಗ ಅದು ಕೆಳಗೆ ಏನಕ್ಕೋ ಸಿಕ್ಕಿಕೊಂಡಿತು. ಅವನು ಜೋರು ಮಾಡಿದ. ನೆನೆದ ಹಗ್ಗ ಅವನು ಹೇಳಿದಂತೆಯೇ ಬಿಗಿದಿತ್ತು. ಬಿಡಲಿಲ್ಲ. ಬಿಡದೆ ಇದ್ದದ್ದೇ ತೊಂದರೆಯಾಯಿತು. ಎಳೆತವೆಲ್ಲ ಅಡ್ಡಹಲಗೆಗೆ, ಅಲ್ಲಿಂದ ತಳಕ್ಕೆ ಇಳಿಯಿತು. ನನ್ನ ಕಾಲಿನ ಬಳಿ ಟಿಕ್ ಎಂದು ಸಣ್ಣ ಸದ್ದು. ತೇಪೆಯ ಮೂಲೆಯ ರಿವೆಟ್ಟಿನ ಮೆದು ತಲೆ ಹಾರಿ, ಅಲ್ಲಿಂದ ನೀರು ಕಡ್ಡಿಯಂತೆ ನೆಟ್ಟಗೆ ಎದ್ದಿತು.

"ಕಾಕಾ, ನೀರು."

"ಎಷ್ಟ?"

"ಒಂದು ರಿಬಿಟ್ಟಿನಷ್ಟ."

"ನಿನ್ನ ಹೆಬ್ಬಟ್ಟ ಎಲ್ಲೈತಿ?"

"ಅದರ ಮ್ಯಾಲ."

"ಅಲ್ಲೇ ಇರ್ಲಿ. ನನಗೂ ಒಂದ ಉಳದೈತಿ, ಅದೂ ಕೆಲಸದಾಗ ಐತಿ."

ಕಟಕ್. ಮತ್ತೆ ಬಹಳ ಹೊತ್ತು ಏನೂ ಇಲ್ಲ. ನಾನು ಬಲೆ ಮುಟ್ಟುವಂತಿರಲಿಲ್ಲ. ಕೈ ಚಾಚಿದ್ದರೆ ಸಾಕು, ಒಂದು ಜಗ್ಗಿಗೆ ಬರುತ್ತಿತ್ತು. ದಂಡೆಯಿಂದ ಎಲ್ಲರ ಕಣ್ಣು ನನ್ನ ಕೈಯ ಮೇಲಿತ್ತು, ನನ್ನ ಕೈ ತಳದ ಮೇಲಿತ್ತು. ಪಕ್ಕದ ರಿವೆಟ್ಟು ಬೆವರತೊಡಗಿತು. ಅದರ ಮೇಲೆ ಹಿಮ್ಮಡಿ ಒತ್ತಿದೆ. ನೀರು ಹೇಗೋ ನನ್ನ ಧೋತರ ನೆನೆಸುವಷ್ಟು ಒಳಗೆ ಬಂದಿತ್ತು.

"ಬಿಡ್ರಿ ಕಾಕಾ, ಬಲಿ ಕೊಯ್ದ ಬಿಡ್ರಿ, ಹೋಗೂನು" ಅಂದೆ.

ಅವನು ನನ್ನನ್ನು ನೋಡಲಿಲ್ಲ. ಎರಡು ಕಾಲನ್ನೂ ದೋಣಿಯ ಅಂಚಿಗೆ ಕೊಟ್ಟು, ಹಿಡಿಕೆಯನ್ನು ಎದೆಗೆ ತಗುಲಿಸಿ, ಹಿಂದಕ್ಕೆ ಮಲಗಿದ. ಕಟಕ್. ಇನ್ನೊಂದು ಕಟಕ್. ಕೆಳಗೆ ಏನೋ ಹರಿಯಿತು. ಬಲೆ ಒಮ್ಮೆಲೇ ಸಡಿಲಾಗಿ ಮೇಲೆ ಬಂತು, ನಡುವೆ ಮನುಷ್ಯ ತೂರುವಷ್ಟು ಹರಕು. ಉಳಿದದ್ದರಲ್ಲಿ ನಾಲ್ಕೈದು ಮೀನು ಹೊರಳುತ್ತಿದ್ದವು.

ದಂಡೆಗೆ ಮುಟ್ಟಿದಾಗ ನಾನು ಹೆಬ್ಬೆರಳು ತೆಗೆಯಲಿಲ್ಲ. ತೆಗೆಯಲು ಬರಲಿಲ್ಲ, ಮರಗಟ್ಟಿತ್ತು. ಯಾರೋ ಹೇಳುತ್ತಿದ್ದರು, ಹರಿಗೋಲು ಅಂದರೆ ಚರ್ಮದ್ದಿರಬೇಕು, ಇದು ಲೆಕ್ಕಕ್ಕೆ ಬರುವುದಿಲ್ಲ, ಬಲೆಯೂ ಹರಿದಿದೆ. ಹಿರಿಯ ಕಂಬಳಿಯೊಳಗಿನಿಂದಲೇ ಮಾತಾಡಿದ.

"ಚರ್ಮದ್ದ ಅಂತ ಕಟ್ಟಳಿಯೊಳಗ ಎಲ್ಲಿ ಐತಿ? ಬಲಿ ಯಾರದ್ದು ಹರಿದಿಲ್ಲ? ಹೋದ, ಎಳದ, ಬಂದ. ಜಾಗ ಅವಂದ." ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಆ ಹುಡುಗನ್ನ ಮೊದ್ಲ ಇಳಸ್ರಿ, ಅಂವ ದೋಣಿಗೆ ಹತ್ತಿಕೊಂಡ ಬಿಟ್ಟಾನ" ಅಂದ.

ಮಧ್ಯಾಹ್ನ ಅವನ ಮನೆಯಲ್ಲಿ ಊಟ. ಅವನು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಜರ್ಮನ್‌ಗೆ ಸುಣ್ಣಾ ಮಾತ್ರ ತಾಗಿಸಬ್ಯಾಡ್ರಿ. ನಾ ತಾಗಿಸಿ ಈ ಹುಡುಗನ ಎರಡು ವಾರದ ದುಡಿಮಿ ಹಾಳ ಮಾಡಿದೆ." ಆ ಮಾತನ್ನು ಅವನು ಮುಂದೆ ವರ್ಷಗಟ್ಟಲೆ ಹೇಳಿದ. ಓಣಿಯಲ್ಲಿ ಅದು ತಿಳಿವಳಿಕೆಯೇ ಆಗಿಹೋಯಿತು. ದೋಣಿ ಆರೇಳು ವರ್ಷ ನಡೆಯಿತು. ದಿಂಡಿನ ಕಾಲಿಗೆ ಆಮೇಲೆ ಜರ್ಮನ್ ರಿವೆಟ್ಟನ್ನೇ ಹಾಕಿಕೊಟ್ಟೆ. ಅವನು ಬದುಕಿರುವವರೆಗೂ ನಾನು ತಾಮ್ರದ ಮಾತು ಎತ್ತಲಿಲ್ಲ.

ಊಟವಾದ ಮೇಲೆ ಕಾಕು ಎಲೆ ಅಡಿಕೆಯ ತಟ್ಟೆ ತಂದಿಟ್ಟಳು. ಸವಣೂರಿನ ಎಳೆ ಎಲೆ, ಚಾಚಾ ಕಳಿಸಿದ್ದು. ಗಂಡ ಹೊರಗೆ ಕಟ್ಟೆಯ ಮೇಲೆ ಯಾರ ಹತ್ತಿರವೋ ಸುಣ್ಣದ ಕಥೆ ಹೇಳುತ್ತಿದ್ದ. ಅವಳು ಅವನ ಸುಣ್ಣದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಬೆರಳುದ್ದದ ಡಬ್ಬಿ, ತಿಕ್ಕಿ ತಿಕ್ಕಿ ಹೂವಿನ ಚಿತ್ರ ಅಳಿಸಿತ್ತು.

"ನನ್ನ ಮದವ್ಯಾಗಿಂದ ಐತಿ ಇದು" ಅಂದಳು. "ದಿನಾ ಸುಣ್ಣಾ ತುಂಬತೇನಿ."

ಮುಚ್ಚಳ ತೆಗೆದೆ. ಡಬ್ಬಿ ಜರ್ಮನ್‌ದು. ಸುಣ್ಣ ತೆಗೆದ ಕಡೆ ಒಳಗಿನ ಲೋಹ ಮಸುಕಾಗಿತ್ತು, ಅಷ್ಟೇ. ಒಂದು ತೂತೂ ಇರಲಿಲ್ಲ.

ಎಲೆಗೆ ಹಚ್ಚಿಕೊಂಡು ಡಬ್ಬಿ ಹಿಂದಕ್ಕೆ ಕೊಟ್ಟೆ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಎಲೆ ಅಡಿಕೆ ಕೊಡುವಾಗ ಸುಣ್ಣದ ಡಬ್ಬಿ ಕೊಡುವುದು ಎಲ್ಲರ ಮನೆಯ ರೂಢಿ. ಮದುವೆಯ ಕಾಲದ್ದು ಎಂದು ಹೆಂಗಸರು ಯಾವ ವಸ್ತುವಿನ ಬಗ್ಗೆ ಬೇಕಾದರೂ ಹೇಳುತ್ತಾರೆ. ಅವಳು ನನಗೆ ಏನನ್ನಾದರೂ ತಿಳಿಸಲು ಅದನ್ನು ಕೊಟ್ಟಳೋ, ಎಲೆಗೆ ಸುಣ್ಣ ಬೇಕೆಂದು ಕೊಟ್ಟಳೋ, ನನಗೆ ಗೊತ್ತಿಲ್ಲ. ತಾಮ್ರದ ತಪ್ಪು ಅವಳಿಗೆ ಗೊತ್ತಿದ್ದರೆ ಗಂಡನಿಗೆ ಯಾಕೆ ಹೇಳಲಿಲ್ಲ ಎಂಬುದೂ ಗೊತ್ತಿಲ್ಲ. ಸುಣ್ಣ ಎಂಬ ಮಾತನ್ನು ಮೊದಲು ಆಡಿದ್ದು ಅವನೋ ನಾನೋ, ಅದೂ ಗೊತ್ತಿಲ್ಲ.